ಕುದುರೆ ಇಲ್ಲದ ಊರಿನ ಲಗಾಮು

ಮೊಮ್ಮಗಳ ಮರದ ಕುದುರೆಯ ಲಗಾಮು ಮೊನ್ನೆ ತುಂಡಾಯಿತು. ಲಗಾಮು ಎಂದ ಕೂಡಲೇ ಚರ್ಮದ್ದು, ಹಿತ್ತಾಳೆ ಬಳೆ ಇರುವಂಥದ್ದು ಎಂದೆಲ್ಲ ಊಹಿಸಬೇಡಿ. ಒಂದು ಮೊಳ ಕೆಂಪು ನೂಲು, ಅಷ್ಟೇ. "ಅಜ್ಜಿ, ಕಟ್ಟಿಕೊಡು" ಎಂದು ಕುದುರೆಯನ್ನು ನನ್ನ ಮಡಿಲಿಗೆ ಹಾಕಿ ಅವಳು ಆಡಲು ಓಡಿದಳು. ನೂಲಿನುಂಡೆ ಕೈಯಲ್ಲೇ ಇತ್ತು, ಕನ್ನಡಕ ಮೂಗಿನ ಮೇಲೆಯೇ ಇತ್ತು. ಆದರೂ ಕಟ್ಟುವುದಕ್ಕೆ ಕೈ ಬರಲಿಲ್ಲ. ಸುಮ್ಮನೆ ಹಿಡಿದುಕೊಂಡು ಕೂತೆ. ಮಗಳು ಒಳಗಿನಿಂದ ಬಂದು, "ಎಂತ ಅಮ್ಮ, ಕುದುರೆ ಹತ್ತಿರ ಮಾತಾಡ್ತಾ ಇದ್ದೀಯಾ?" ಎಂದು ಕೇಳಿದಳು. ಇಲ್ಲ ಮಾರಾಯ್ತಿ ಎಂದೆ. ಮಾತಾಡುತ್ತಲೇ ಇದ್ದೆ, ಆದರೆ ಅದು ಕುದುರೆಯ ಹತ್ತಿರ ಅಲ್ಲ.

ನೀವೂ ಯಾರನ್ನಾದರೂ ಲಂಗುಲಗಾಮಿಲ್ಲದವನು ಎಂದು ಬೈದಿರುತ್ತೀರಿ. ಬೈಯುವ ಮೊದಲು ಲಗಾಮು ಕಂಡಿದ್ದಿರಾ? ನಾನಂತೂ ಕಂಡಿರಲಿಲ್ಲ. ನಾನು ಹುಟ್ಟಿ ಬೆಳೆದ ಮಂಜೇಶ್ವರದಲ್ಲಿ ಆ ಕಾಲಕ್ಕೆ ಎತ್ತು ಇತ್ತು, ಕೋಣ ಇತ್ತು, ಕತ್ತೆಯೂ ಒಂದೆರಡು ಇದ್ದವು. ಕುದುರೆ ಮಾತ್ರ ಇರಲಿಲ್ಲ. ಭೂತಸ್ಥಾನದಲ್ಲಿ ಮರದ್ದೊಂದು ಇತ್ತು. ಅದು ಎಲ್ಲಿಗೂ ಓಡುವಂಥದ್ದಲ್ಲವಾದ್ದರಿಂದ ಅದಕ್ಕೆ ಲಗಾಮು ಹಾಕುವ ಗೋಜಿಗೆ ಯಾರೂ ಹೋಗಿರಲಿಲ್ಲ. ಎತ್ತಿನ ಮೂಗುದಾರ ಎಲ್ಲರಿಗೂ ಗೊತ್ತು. ಲಗಾಮು ಮಾತ್ರ ಬೈಗುಳದಲ್ಲಿ ಬದುಕಿಕೊಂಡಿತ್ತು. ಲಗಾಮಿನ ಮುಂದೆ ಅಂಟಿಕೊಂಡಿರುವ ಆ 'ಲಂಗು' ಎಂದರೆ ಏನೆಂದು ಇವತ್ತಿಗೂ ನನಗೆ ತಿಳಿಯದು.

ಆ ಬೈಗುಳ ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಕೇಳುತ್ತಿತ್ತು. ಬೈಯುವವರು ಅಮ್ಮ, ಬೈಸಿಕೊಳ್ಳುವವಳು ನಾನು, ಕಾರಣ ನನ್ನ ನಗು. ನನ್ನ ನಗು ಅಂಥಿಂಥದ್ದಲ್ಲ. ಮೊದಲು ಹೆಗಲು ಅಲ್ಲಾಡುತ್ತಿತ್ತು, ಆಮೇಲೆ ಕಣ್ಣು ಮುಚ್ಚುತ್ತಿತ್ತು, ಆಮೇಲೆ ಬಾಯಿ ತೆರೆದರೆ ಪಕ್ಕದ ಮನೆಯ ಬಾವಿಕಟ್ಟೆಯವರೆಗೆ ಕೇಳಬೇಕು. ನಡುನಡುವೆ ಹಂದಿಯ ಹಾಗೆ ಒಂದು ಗೊರಕೆ ಬೇರೆ. ಆ ಗೊರಕೆಗೆ ನನಗೇ ಇನ್ನಷ್ಟು ನಗು ಬಂದು ನೆಲಕ್ಕೆ ಕೂತುಬಿಡುತ್ತಿದ್ದೆ.

"ಅಳುವ ಗಂಡಸನ್ನು, ನಗುವ ಹೆಂಗಸನ್ನು ನಂಬಬಾರದು ಅಂತ ಗಾದೆ ಉಂಟು. ನಿನ್ನನ್ನು ಯಾರು ನಂಬ್ತಾರೆ ಜಾನಕಿ? ಲಂಗುಲಗಾಮಿಲ್ಲದ್ದು" ಎನ್ನುತ್ತಿದ್ದರು ಅಮ್ಮ. ಈ ಗಾದೆ ಕೇಳಿದರೂ ನನಗೆ ನಗುವೇ ಬರುತ್ತಿತ್ತು. ಏಕೆಂದರೆ ಅಳುವ ಗಂಡಸನ್ನು ನಾನು ಕಂಡಿರಲಿಲ್ಲ.

ಇನ್ನು ಅಪ್ಪನ ವಿಷಯ. ಅವರು ರೈಲ್ವೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಒಣಮೀನಿನ ಬುಟ್ಟಿ, ವೀಳ್ಯದೆಲೆಯ ಕಟ್ಟು, ಹೆಂಚು, ಇವುಗಳ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬರೆಯುವುದು ಅವರ ಕೆಲಸ. ಹಾಗಾಗಿ ಅವರಿಗೆ ಗೊತ್ತಿದ್ದದ್ದು ಸಾಮಾನಿನ ಇಂಗ್ಲಿಷ್. ಅದರಿಂದಲೇ ಅವರು ಇಡೀ ಸಂಸಾರ ನಡೆಸುತ್ತಿದ್ದರು. ನನ್ನ ಜಡೆ ಬಿಚ್ಚಿದ್ದರೆ "ಪ್ಯಾಕಿಂಗ್ ಲೂಸ್." ಅಮ್ಮ ತವರಿಗೆ ಹೊರಟರೆ "ಓನರ್ಸ್ ರಿಸ್ಕ್," ಅಂದರೆ ದಾರಿಯಲ್ಲಿ ಏನಾದರೂ ಆದರೆ ರೈಲ್ವೆಯವರು ಹೊಣೆಯಲ್ಲ. ಹೆಣ್ಣುಮಕ್ಕಳ ಮದುವೆಯ ಮಾತು ಬಂದರೆ "ಪೆರಿಷಬಲ್." ಮೀನು, ವೀಳ್ಯದೆಲೆಯಂತೆ ಇಟ್ಟರೆ ಕೆಡುವಂಥದ್ದು, ಬಂದ ಮೊದಲ ಗಾಡಿಗೇ ಹತ್ತಿಸಬೇಕು.

ಗೊತ್ತಿಲ್ಲದ ಇಂಗ್ಲಿಷ್ ಶಬ್ದ ಎದುರಾದರೆ ಅಪ್ಪ ಹೆದರುತ್ತಿರಲಿಲ್ಲ. ರೈಲಿನ ಡಬ್ಬಿ ಬಿಚ್ಚುವ ಹಾಗೆ ಬಿಚ್ಚುತ್ತಿದ್ದರು. "ಅಂಡರ್‌ಸ್ಟ್ಯಾಂಡ್ ಉಂಟಲ್ಲ, ಅಂಡರ್ ಅಂದರೆ ಕೆಳಗೆ, ಸ್ಟ್ಯಾಂಡ್ ಅಂದರೆ ನಿಲ್ಲು. ದೊಡ್ಡವರ ಕೆಳಗೆ ನಿಂತು ಕೇಳಿದರೆ ಅರ್ಥ ಆಗ್ತದೆ. ಶಬ್ದದಲ್ಲೇ ಇದೆ ನೋಡು" ಎನ್ನುತ್ತಿದ್ದರು. ಕೇಳಿದ ನಮಗೆ ತಲೆದೂಗುವುದೊಂದೇ ಉಳಿಯುತ್ತಿತ್ತು. ಊರಿನಲ್ಲಿ ಅವರಿಗಿಂತ ಹೆಚ್ಚು ಇಂಗ್ಲಿಷ್ ಬರುತ್ತಿದ್ದದ್ದು ಪೋಸ್ಟ್ ಮಾಸ್ಟರ್ ಪೈಗಳಿಗೆ ಒಬ್ಬರಿಗೇ. ಅವರು ಬೆಂಗಳೂರಿನ ದಂಡಿನಲ್ಲಿ ಕೆಲಸ ಮಾಡಿ ಬಂದವರು, ಕುದುರೆ ಕಂಡವರು. ಆದರೆ ಅಪ್ಪ ಅವರ ಹತ್ತಿರ ಅರ್ಥ ಕೇಳಲು ಹೋಗುತ್ತಿರಲಿಲ್ಲ. ಕೇಳಿದರೆ ಗೊತ್ತಿಲ್ಲ ಎಂದು ಗೊತ್ತಾಗುತ್ತದಲ್ಲ.

ನಾನು ಎಂಟನೆಯ ಕ್ಲಾಸಿನಲ್ಲಿದ್ದೆ. ಅಷ್ಟು ದೊಡ್ಡ ಹುಡುಗಿ ಇನ್ನೂ ಶಾಲೆಗೆ ಹೋಗುತ್ತಾಳೆಂದರೆ ಬೀದಿಯವರಿಗೆಲ್ಲ ಅದೊಂದು ಮಾತು. ನನಗೆ ಓದು ಎಂದರೆ ಪ್ರಾಣ ಎಂದೇನೂ ಹೇಳುವುದಿಲ್ಲ, ಲೆಕ್ಕದಲ್ಲಿ ನಾನು ಸೊನ್ನೆ. ಆದರೆ ಶಾಲೆಯಲ್ಲಿ ನಗಬಹುದಿತ್ತು. ನಮ್ಮ ಫ್ಲೋರಾ ಟೀಚರ್ ನನ್ನ ನಗುವಿಗೆ ಬೈದದ್ದಿಲ್ಲ. "ಜಾನಕಿ ನಕ್ಕರೆ ಕೊನೆಯ ಬೆಂಚಿನವರಿಗೂ ಪಾಠ ಕೇಳಿಸಿದೆ ಅಂತ ಲೆಕ್ಕ" ಎನ್ನುತ್ತಿದ್ದರು.

ಆ ವರ್ಷ ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟ್ರೆಸ್ ಬಂದರು. ಮದ್ರಾಸಿನ ಕಡೆಯವರು, ಎತ್ತರದ ಹೆಂಗಸು, ಕೈಯಲ್ಲಿ ವಾಚು. ಶಾಲೆಗೆ ಶಾಲೆಯೇ ಸಾರಿಸಿಕೊಂಡು ಉಸಿರು ಬಿಗಿಹಿಡಿದಿತ್ತು. ಅವರು ಆಗಷ್ಟೇ ಕನ್ನಡ ಕಲಿಯುತ್ತಿದ್ದರಂತೆ. ನಮ್ಮ ಮುಂದೆ ನಿಂತು, ಆರೋಗ್ಯದ ವಿಷಯ ಕೇಳಬೇಕೆಂದು, ಒಂದೊಂದೇ ಅಕ್ಷರ ಜೋಡಿಸಿ, ತುಂಬ ಗಂಭೀರವಾಗಿ ಕೇಳಿದರು: "ಮಕ್ಕಳೇ, ನೀವೆಲ್ಲ ದಿನಾ ಬೆಳಿಗ್ಗೆ ಹಲ್ಲಿ ಉಜ್ಜುತ್ತೀರಾ?"

ಉಳಿದವರೆಲ್ಲ ಹೆದರಿಕೆಯಿಂದ "ಉಜ್ಜುತ್ತೇವೆ" ಎಂದರು. ನನ್ನ ಕಣ್ಣಿಗೆ ಮಾತ್ರ ನಮ್ಮ ಅಡಿಗೆಮನೆಯ ಮಾಡಿನ ಹಲ್ಲಿಯನ್ನು ಹಿಡಿದು, ಮಾವಿನೆಲೆಯಿಂದ ಗಸಗಸ ಉಜ್ಜುತ್ತಿರುವ ಅಮ್ಮ ಕಂಡರು. ಹೆಗಲು ಅಲ್ಲಾಡಿತು. ತಡೆದೆ. ಕಣ್ಣು ಮುಚ್ಚಿತು. ತುಟಿ ಕಚ್ಚಿದೆ. ಆಮೇಲೆ ಬಂತು ನೋಡಿ, ಗೊರಕೆ ಸಮೇತ. ಇಡೀ ಕ್ಲಾಸಿನಲ್ಲಿ ನನ್ನದೊಂದೇ ನಗು. ಫ್ಲೋರಾ ಟೀಚರ್ ಬಿಳಿಚಿಕೊಂಡು ಇಂಗ್ಲಿಷಿನಲ್ಲಿ ಏನೋ ವಿವರಿಸಿದರು. ಇನ್‌ಸ್ಪೆಕ್ಟ್ರೆಸ್ ಅದನ್ನು ಕೇಳಿ ತಾವೂ ನಕ್ಕರು. ನನ್ನ ಬೆನ್ನ ಮೇಲೆ ಕೈಯಿಟ್ಟು, "ವಾಟ್ ಅನ್‌ಬ್ರೈಡಲ್ಡ್ ಲಾಫ್ಟರ್" ಎಂದರು. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು ಟೀಚರಿಗೆ ಇನ್ನೂ ಏನೋ ಹೇಳಿದರು. ಅದೇನೆಂದು ಟೀಚರ್ ಆಮೇಲೆ ನನಗೆ ಕನ್ನಡದಲ್ಲಿ ತಿಳಿಸಿದರು: ಈ ಹುಡುಗಿಯ ಓದು ನಿಲ್ಲಿಸಬಾರದು, ಎಂಟನೆಯದು ಮುಗಿದ ಮೇಲೆ ಮಂಗಳೂರಿನ ಟ್ರೈನಿಂಗ್ ಸ್ಕೂಲಿಗೆ ಕಳಿಸಬೇಕು, ಇಂಥವಳು ಟೀಚರ್ ಆದರೆ ಮಕ್ಕಳು ಶಾಲೆಗೆ ಓಡಿ ಬರುತ್ತಾರೆ.

ಸಂಜೆ ಮನೆಗೆ ಹೋಗುವಾಗ ಆ ಇಂಗ್ಲಿಷ್ ಶಬ್ದವನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತಾ ಹೋದೆ. ಮನೆ ಮುಟ್ಟುವಾಗ ಅದು ಸ್ವಲ್ಪ ಸವೆದಿತ್ತು. ಅಪ್ಪ ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದರು.

"ಅಪ್ಪಾ, ಅನ್‌ಬ್ರೈಡ್‌ಲೆಡ್ ಅಂದರೆ ಎಂತ?"

"ಯಾರು ಹೇಳಿದ್ದು?"

"ಇನ್‌ಸ್ಪೆಕ್ಟ್ರೆಸ್ ಅಮ್ಮ."

"ಯಾರಿಗೆ?"

"ನನಗೆ."

ನಕ್ಕದ್ದನ್ನು ನಾನು ಹೇಳಲಿಲ್ಲ. ಹೇಳಿದರೆ ಅಮ್ಮನ ಬಾಯಿಗೆ ಸಿಗಬೇಕಲ್ಲ. ಟ್ರೈನಿಂಗ್ ಸ್ಕೂಲಿನ ಮಾತನ್ನು ತಾನೇ ಮನೆಗೆ ಬಂದು ಹೇಳುವುದಾಗಿ ಟೀಚರ್ ಅಂದಿದ್ದರು. ಅಪ್ಪ ತಂಬಿಗೆ ಕೆಳಗಿಟ್ಟು ಆ ಶಬ್ದವನ್ನು ಮೆಲ್ಲಗೆ ಬಿಚ್ಚಿದರು. ಅನ್. ಬ್ರೈಡ್. ಲೆಡ್. ಮುಖ ಗಂಟು ಹಾಕಿಕೊಂಡಿತು. "ಒಳಗೆ ಹೋಗು" ಎಂದರು. ಆಮೇಲೆ ಅಡಿಗೆಮನೆಯಲ್ಲಿ ಅಪ್ಪ ಅಮ್ಮ ಪಿಸಪಿಸ ಮಾತಾಡಿದ್ದು ಕೇಳಿತು. ಅಷ್ಟು ದೊಡ್ಡವರು ನನ್ನನ್ನು ಮೆಚ್ಚಿದ್ದಾರೆಂದು ಮಾತಾಡುತ್ತಿದ್ದಾರೆ ಎಂದುಕೊಂಡೆ.

ಎರಡು ದಿನ ಬಿಟ್ಟು ಫ್ಲೋರಾ ಟೀಚರ್ ಬಂದರು. ಬಾಗಿಲ ಹಿಂದೆ ನಿಂತು ಕೇಳಿದ ಆ ಮಾತುಕತೆ ನನಗೆ ಇವತ್ತಿಗೂ ಬಾಯಿಪಾಠ.

"ಇನ್‌ಸ್ಪೆಕ್ಟ್ರೆಸ್ ಎಂತ ಹೇಳಿದ್ದಾರೆ ಅಂತ ಜಾನಕಿ ಹೇಳಿರಬೇಕಲ್ಲ?"

"ಹೇಳಿದ್ದಾಳೆ ಟೀಚರೇ. ನಮಗೆ ಅರ್ಥವೂ ಆಗಿದೆ."

"ನಿಮಗೆ ಇಂಗ್ಲಿಷ್ ಗೊತ್ತುಂಟಲ್ಲ, ನಾನು ಬಿಡಿಸಿ ಹೇಳುವುದು ಬೇಡ. ಅವರ ಬಾಯಿಂದ ಅಂಥ ಮಾತು ಸುಮ್ಮನೆ ಬರುವುದಿಲ್ಲ."

"ಅದೇ ಅಲ್ಲವಾ. ಬೇಗ ಒಂದು ಏರ್ಪಾಡು ಮಾಡಬೇಕು."

"ಮಾಡಿ, ತಡ ಮಾಡಬೇಡಿ. ಮಂಗಳೂರಿನಲ್ಲೇ ಆದರೆ ಒಳ್ಳೆಯದು. ಬೇಕಾದರೆ ನಾನೇ ಮಾತಾಡ್ತೇನೆ ಅಂತ ಅವರು ಹೇಳಿದ್ದಾರೆ."

ಸರಕಾರದವರು ಸಂಬಂಧ ಕುದುರಿಸುವ ಮಟ್ಟಕ್ಕೂ ಇಳಿದರೇ ಎಂದು ಅಪ್ಪನಿಗೆ ಅನ್ನಿಸಿರಬೇಕು. "ಮಂಗಳೂರೆಲ್ಲ ನಮ್ಮ ಕೈಗೆ ಎಟುಕುವುದಲ್ಲ ಟೀಚರೇ. ಮುಳ್ಳೇರಿಯ ಬದಿಯಲ್ಲಿ ಒಂದು ನೋಡಿದ್ದೇವೆ" ಎಂದರು.

ಮುಳ್ಳೇರಿಯದಲ್ಲಿ ಯಾವ ಟ್ರೈನಿಂಗ್ ಸ್ಕೂಲ್ ಎಂದು ಟೀಚರಿಗೆ ಆಶ್ಚರ್ಯವಾಗಿರಬಹುದು. ಕೇಳಲಿಲ್ಲ. ಮಜ್ಜಿಗೆ ಕುಡಿದು, ಸಂತೋಷದಿಂದ ಹೋದರು. ಬಾಗಿಲ ಹಿಂದೆ ನನಗಂತೂ ಕುಣಿಯುವಷ್ಟು ಖುಷಿ. ಮರುವಾರ ಅಪ್ಪ ನೀಲಿ ಬಣ್ಣದ ತಗಡಿನ ಪೆಟ್ಟಿಗೆಯೊಂದನ್ನು ತಂದರು. ಹಾಸ್ಟೆಲಿಗೆಂದೇ ತಂದರೆಂದು ನಾನು ಅದರಲ್ಲಿ ಸ್ಲೇಟು, ಬಾಚಣಿಗೆ, ಎರಡು ಪುಸ್ತಕ ಜೋಡಿಸಿಟ್ಟೆ. ಅಮ್ಮ ನೋಡಿ ಒಲೆಯ ಕಡೆಗೆ ಹೋದರು.

ಹೆಣ್ಣು ನೋಡಲು ಮುಳ್ಳೇರಿಯದ ಜವಳಿ ಅಂಗಡಿಯವರು ಬಂದು ಹೋದ ಮೇಲೆಯೇ ನನಗೆ ತಿಳಿದದ್ದು. ಅವರ ಗಾಡಿ ತಿರುವು ದಾಟುವವರೆಗೆ ಕಾದು ಅಮ್ಮನನ್ನು ಕೇಳಿದೆ, "ನಾನು ಮಂಗಳೂರಿಗೆ ಹೋಗುವುದಲ್ಲವಾ?"

"ಎಂತ ಮಂಗಳೂರು? ನಿನ್ನ ಇನ್‌ಸ್ಪೆಕ್ಟ್ರೆಸ್ಸೇ ಹೇಳಿದ್ದಲ್ಲವಾ, ಇವಳು ಇನ್ನೂ ಮದುವಣಗಿತ್ತಿಯಾಗಿ ಹೋಗದವಳು ಅಂತ. ಇಂಗ್ಲಿಷಿನಲ್ಲಿ ಹೇಳಿದರೆ ನಮಗೆ ತಿಳಿಯುವುದಿಲ್ಲ ಅಂತ ಗ್ರಹಿಸಿದಳೋ ಏನೋ. ನಿನ್ನ ಅಪ್ಪ ಇದ್ದಾರಲ್ಲ."

ಅನ್ ಎಂದರೆ ಅಲ್ಲದ, ಬ್ರೈಡ್ ಎಂದರೆ ಮದುವಣಗಿತ್ತಿ, ಲೆಡ್ ಎಂದರೆ ಕರೆದುಕೊಂಡು ಹೋದ. ಮೂರು ಡಬ್ಬಿಯೂ ಸರಿಯಾಗಿ ಕೂತಿದ್ದವು. ಅಪ್ಪನ ಇಂಗ್ಲಿಷನ್ನು ಅನುಮಾನಿಸುವ ಇಂಗ್ಲಿಷ್ ನನ್ನಲ್ಲಿ ಎಲ್ಲಿತ್ತು? ಟ್ರೈನಿಂಗ್ ಸ್ಕೂಲಿನ ಮಾತನ್ನು ಅಳುತ್ತಾ ಹೇಳಿದೆ. "ಬೈದವರು ಆಮೇಲೆ ಬೆಲ್ಲ ಕೊಡುವುದು ಲೋಕರೂಢಿ" ಎಂದರು ಅಮ್ಮ. ಆವತ್ತು ರೋಷ ಬಂದದ್ದು ಅಪ್ಪನ ಮೇಲಲ್ಲ. ಬೆನ್ನ ಮೇಲೆ ಕೈಯಿಟ್ಟು ನಗುನಗುತ್ತಾ ನನ್ನನ್ನು ಹಂಗಿಸಿ ಹೋದ ಆ ಮದ್ರಾಸಿನ ಹೆಂಗಸಿನ ಮೇಲೆ. ಎಷ್ಟೋ ವರ್ಷ ಅವಳಿಗೆ ಶಾಪ ಹಾಕಿದ್ದೇನೆ. ನನ್ನ ಶಾಪಕ್ಕೆ ಶಕ್ತಿ ಇರಲಿಲ್ಲವೆಂದು ನಂಬಿಕೊಂಡು ಈಗ ಸಮಾಧಾನಪಡುತ್ತೇನೆ.

ಮದುವೆಯ ಏರ್ಪಾಡು ಭರದಿಂದ ನಡೆಯಿತು. ಸಂಬಂಧಿಕರಿಗೆ ಕನ್ನಡದಲ್ಲಿ, ಸ್ಟೇಷನ್ನಿನವರಿಗೆ ಇಂಗ್ಲಿಷಿನಲ್ಲಿ ಕರೆಯೋಲೆ ಆಗಬೇಕೆಂದು ಅಪ್ಪನ ಹಟ. ಅದರ ಕರಡು ಮಂಗಳೂರಿನಿಂದ ಬಂದ ಸಂಜೆ, ಅಂಗಳದಲ್ಲಿ ಚಪ್ಪರದ ಕಂಬ ನೆಟ್ಟು ತೆಂಗಿನ ಮಡಲು ಹೊದೆಸಿ ಆಗಿತ್ತು. ಅಪ್ಪ ಕರಡನ್ನು ಹಿಡಿದುಕೊಂಡು ಪೈಗಳಿಗೆ ತೋರಿಸಿ ಬರುತ್ತೇನೆಂದು ಹೋದರು. ತಿದ್ದಿಸುವುದಕ್ಕಲ್ಲ, ತೋರಿಸುವುದಕ್ಕೆ. ಹೋಗುವಾಗ ಎದೆ ಮುಂದೆ ಮಾಡಿ ಹೋದವರು ಬರುವಾಗ ಮೆಲ್ಲಗೆ ಬಂದರು. ಊಟ ಬೇಡ ಎಂದರು. ನನ್ನನ್ನು ಕರೆದು ಕಾಗದದ ಪೊಟ್ಟಣವೊಂದನ್ನು ಕೈಗೆ ಕೊಟ್ಟರು. ಬ್ಯಾರಿಯ ಅಂಗಡಿಯ ಖರ್ಜೂರ.

"ಎಲ್ಲ ನೀನೇ ತಿನ್ನು ಮಗಾ. ಯಾರಿಗೂ ಕೊಡುವುದು ಬೇಡ" ಎಂದರು.

ನನಗೆಂದು ಮಾತ್ರ ಅಪ್ಪ ಏನನ್ನಾದರೂ ತಂದದ್ದು ಅದೇ ಮೊದಲು. ನಾನು ಸಿಟ್ಟಿನಲ್ಲಿದ್ದೆ. ತಿನ್ನದೆ ಪೆಟ್ಟಿಗೆಯ ಮೂಲೆಗೆ ತುರುಕಿದೆ. ಮುಳ್ಳೇರಿಯದಲ್ಲಿ ಪೆಟ್ಟಿಗೆ ತೆರೆದಾಗ ಪೊಟ್ಟಣದ ತುಂಬ ಇರುವೆ. ಹಿತ್ತಿಲಿಗೆ ಎಸೆದೆ.

ಗಂಡನ ಮನೆಯವರು ಕೆಟ್ಟವರು ಎಂದು ನಾನು ಹೇಳಿದರೆ ನಾಲಗೆಗೆ ಹುಳ ಬಿದ್ದೀತು. ಗಂಡ ಸಾಧು ಮನುಷ್ಯ, ಅಳತೆಗಿಂತ ನಾಲ್ಕು ಬೆರಳು ಹೆಚ್ಚೇ ಬಟ್ಟೆ ಹರಿದುಕೊಡುವವರು. ಅತ್ತೆ ಒಂದು ದಿನವೂ ಕೈಯೆತ್ತಿದವರಲ್ಲ. ಆದರೆ ಮಾವ ಹಾಸಿಗೆ ಹಿಡಿದಿದ್ದರು. ಮೈಯ ಒಂದು ಬದಿ ಬಿದ್ದುಹೋಗಿತ್ತು, ಬಾಯಿ ಸೊಟ್ಟಗಾಗಿತ್ತು. ಮನೆಯಲ್ಲಿ ಯಾರು ನಕ್ಕರೂ ತನ್ನ ಬಾಯಿ ನೋಡಿಯೇ ನಕ್ಕರೆಂದು ತಿಳಿದು ಮಗುವಿನ ಹಾಗೆ ಅಳುತ್ತಿದ್ದರು. ಅಳುವ ಗಂಡಸನ್ನು ನಾನು ಕಂಡದ್ದು ಅಲ್ಲಿ. ಹೋದ ಮೊದಲನೆಯ ವಾರ ಎಂಥದಕ್ಕೋ ನಕ್ಕುಬಿಟ್ಟೆ. ಒಳಗೆ ಅಳು ಶುರುವಾಯಿತು. ಅತ್ತೆ ಬಂದು, "ಇಲ್ಲಿ ನಗುವ ಹಾಗಿಲ್ಲ ಮಗಳೇ. ನೀನು ಒಳ್ಳೆಯವಳು ಅಂತ ನನಗೆ ಗೊತ್ತುಂಟು. ಆದರೆ ನಗುವ ಹಾಗಿಲ್ಲ" ಎಂದರು. ಅಷ್ಟೇ. ಯಾರೂ ಗದರಿಸಲಿಲ್ಲ. ಗದರಿಸಿದ್ದರೆ ಬಹುಶಃ ಕದ್ದಾದರೂ ನಗುತ್ತಿದ್ದೆ.

ಮಾವ ಬಹಳ ವರ್ಷ ಬದುಕಿದರು. ಅವರು ತೀರಿಕೊಂಡು ವರ್ಷಾಂತಿಕ ಮುಗಿದ ಮೇಲೆ ಒಂದು ಮಧ್ಯಾಹ್ನ ಗೇರುಬೀಜ ಹೆಕ್ಕಲು ಗುಡ್ಡೆಗೆ ಹೋಗಿದ್ದೆ. ಸುತ್ತ ಯಾರೂ ಇರಲಿಲ್ಲ. ಈಗ ನಗಬಹುದಲ್ಲ ಎಂದು ತೋರಿತು. ಹಲ್ಲಿ ಉಜ್ಜುವುದನ್ನು ನೆನೆಸಿಕೊಂಡೆ. ಹೆಗಲು ಅಲ್ಲಾಡಲಿಲ್ಲ. ಬಾಯಿ ತೆರೆದು ನಾನಾಗಿಯೇ ಒಂದು ಸದ್ದು ಮಾಡಿದೆ. ಮರದ ಆಚೆಯಲ್ಲಿ ಸೊಪ್ಪು ಕಡಿಯುತ್ತಿದ್ದ ಹೆಂಗಸೊಬ್ಬಳು ಓಡಿ ಬಂದು, "ಎಂತಾಯ್ತು ಅಕ್ಕ, ಗಂಟಲಿಗೆ ಎಂತಾದ್ರೂ ಸಿಕ್ಕಿತಾ? ನೀರು ಬೇಕಾ?" ಎಂದು ಕೇಳಿದಳು. ಬೇಕು ಎಂದು ಹೇಳಿ ಅವಳ ಕೈಯಿಂದ ನೀರು ಕುಡಿದು ಮನೆಗೆ ಬಂದೆ.

ಮಗಳು ಆರನೆಯ ಕ್ಲಾಸಿಗೆ ಬಂದ ವರ್ಷ ಅವಳ ಇಂಗ್ಲಿಷ್ ಪುಸ್ತಕದಲ್ಲಿ ಕುದುರೆಯದೊಂದು ಪಾಠ ಇತ್ತು. ಚಿತ್ರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಳು: ಸ್ಯಾಡಲ್ ಅಂದರೆ ಜೀನು, ಬ್ರೈಡಲ್ ಅಂದರೆ ಲಗಾಮು. ನಾನು ಅಕ್ಕಿ ಆರಿಸುತ್ತಿದ್ದೆ.

"ಎಂತ ಅಂದಿ? ಬ್ರೈಡ್ ಅಂದರೆ ಮದುವಣಗಿತ್ತಿ ಅಲ್ಲವಾ?"

"ಅದು ಬೇರೆ ಅಮ್ಮ. ಇದು ಬ್ರೈಡಲ್. ಒಂದು ಅಕ್ಷರ ಹೆಚ್ಚುಂಟು."

"ಅದಕ್ಕೆ ಮುಂದೆ ಅನ್ ಸೇರಿಸಿದರೆ? ಅನ್‌ಬ್ರೈಡ್‌ಲೆಡ್ ಅಂತ?"

ಅವಳಿಗೆ ಗೊತ್ತಿರಲಿಲ್ಲ. ಮರುದಿನ ಮಾಷ್ಟ್ರ ಹತ್ತಿರ ಕೇಳಿಕೊಂಡು ಬಂದಳು. "ಅನ್‌ಬ್ರೈಡಲ್ಡ್ ಅಂತ ಹೇಳಬೇಕಂತೆ. ಲಗಾಮಿಲ್ಲದ ಅಂತ ಅರ್ಥ. ಸಿಟ್ಟಿಗೆ, ಆಸೆಗೆ ಸೇರಿಸಿದರೆ ಬೈಗುಳ. ನಗುವಿಗೆ, ಸಂತೋಷಕ್ಕೆ ಸೇರಿಸಿದರೆ ಹೊಗಳಿದ ಹಾಗೆ ಅಂತೆ."

ನನ್ನ ಕೈ ಮೊರದಲ್ಲೇ ನಿಂತಿತು. ಲಗಾಮಿಲ್ಲದ. ಅಮ್ಮ ದಿನಾ ನಾಲ್ಕು ಸಲ ಹೇಳುತ್ತಿದ್ದ ಮಾತು. ಅರ್ಥ ನಮ್ಮ ಅಡಿಗೆಮನೆಯಲ್ಲೇ ಇತ್ತು. ಅಪ್ಪ ಅದನ್ನು ಗೂಡ್ಸ್ ಶೆಡ್ಡಿನಲ್ಲಿ ಹುಡುಕಿದ್ದರು. ಆ ಹೆಂಗಸು ಅಮ್ಮನ ಬೈಗುಳವನ್ನೇ ಇಂಗ್ಲಿಷಿಗೆ ತಿರುಗಿಸಿ ಹೊಗಳಿಕೆ ಮಾಡಿ ನನ್ನ ಕೈಗೆ ಕೊಟ್ಟು ಹೋಗಿದ್ದಳು. ನಮ್ಮ ಭಾಷೆಯಲ್ಲಿ ಅದಕ್ಕೆ ಆ ಸೌಭಾಗ್ಯ ಇಲ್ಲ. ಲಂಗುಲಗಾಮಿಲ್ಲದ ನಗು ಎಂದು ಯಾರೂ ಮೆಚ್ಚಿ ಹೇಳುವುದಿಲ್ಲ. ತೀರ ಮೆಚ್ಚಿದರೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು ಎನ್ನುತ್ತೇವೆ, ಅದರಲ್ಲೂ ಒಂದು ಹುಣ್ಣು ಇದ್ದೇ ಇದೆ. ಒಂದಕ್ಷರದ ವ್ಯತ್ಯಾಸದಲ್ಲಿ ನಾನು ಟೀಚರಾಗದೆ ಮುಳ್ಳೇರಿಯಕ್ಕೆ ಬಂದೆ ಎಂದು ತಿಳಿದು ದುಃಖವಾಯಿತು. ತುಂಬ ದುಃಖವಾಯಿತು. ಆದರೆ ವಿಚಿತ್ರ ನೋಡಿ, ಸ್ವಲ್ಪ ಹೊತ್ತಿನ ಮೇಲೆ ಮೂರು ಡಬ್ಬಿ ಬಿಚ್ಚುತ್ತಿದ್ದ ಅಪ್ಪನ ಗಂಭೀರ ಮುಖ ಕಣ್ಣೆದುರು ಬಂದು, ಎಷ್ಟೋ ಕಾಲದ ಮೇಲೆ, ನನ್ನ ಹೆಗಲು ಒಂದಿಷ್ಟು ಅಲ್ಲಾಡಿತು.

ಇದನ್ನು ಅಪ್ಪನಿಗೆ ಹೇಳಲೇಬೇಕು, ಇಬ್ಬರೂ ಕೂತು ಒಮ್ಮೆ ನಗಬೇಕು ಎಂದು ನನಗೆ ಆಸೆ ಹುಟ್ಟಿತು. ದಸರೆಯ ರಜೆಗೆ ಮಗಳನ್ನು ಕರೆದುಕೊಂಡು ಮಂಜೇಶ್ವರಕ್ಕೆ ಹೋದೆ. ಅಪ್ಪನಿಗೆ ಆಗ ಕೆಲಸದಿಂದ ನಿವೃತ್ತಿಯಾಗಿತ್ತು. ಆದರೂ ಗೂಡ್ಸ್ ಗಾಡಿಯ ಸದ್ದು ಕೇಳಿದರೆ ಜಗಲಿಯಿಂದಲೇ ಡಬ್ಬಿ ಎಣಿಸುತ್ತಿದ್ದರು. ಅಮ್ಮ ಮೊಮ್ಮಗಳ ತಲೆಗೆ ಎಣ್ಣೆ ಹಾಕುತ್ತಾ ಒಳಗಿದ್ದರು. ನಾನು ಅಪ್ಪನ ಕಾಲಬುಡದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಹಲ್ಲಿಯಿಂದ ಶುರುಮಾಡಿ, ಇನ್‌ಸ್ಪೆಕ್ಟ್ರೆಸ್ಸಿನ ಹಾಗೆ ನಿಂತು ತೋರಿಸಿ, ಅಪ್ಪನ ಹಾಗೆ ಮುಖ ಗಂಟು ಹಾಕಿ, ಅನ್, ಬ್ರೈಡ್, ಲೆಡ್ ಎಂದು ಬಿಚ್ಚಿ, ಕೊನೆಗೆ ಮಗಳ ಕುದುರೆಯ ಚಿತ್ರದವರೆಗೆ. ಹೇಳುತ್ತಾ ಹೇಳುತ್ತಾ ನಗು ಗಂಟಲವರೆಗೆ ಬಂದಿತ್ತು. ಈ ಸಲ ಬರುತ್ತದೆ ಎಂದು ನನಗೆ ಖಾತ್ರಿಯಾಗಿತ್ತು.

ಅಪ್ಪ ನಗಲಿಲ್ಲ. ರೈಲು ಕಂಬಿಯ ಕಡೆಗೇ ನೋಡುತ್ತಿದ್ದರು.

"ನನಗೆ ಗೊತ್ತಾಗಿತ್ತು ಮಗಾ" ಎಂದರು.

"ಎಂತ ಗೊತ್ತಾಗಿತ್ತು?"

"ಅದು ಲಗಾಮು ಅಂತ. ಕರಡು ತೋರಿಸಲಿಕ್ಕೆ ಹೋದ ದಿವಸ ಮಾತಿನ ನಡುವೆ ಆ ಶಬ್ದ ನನ್ನ ಬಾಯಿಂದ ಬಂತು, ಪೈಗಳು ಅರ್ಥ ಹೇಳಿದರು. ನಿನ್ನ ಹುಡುಗಿಯ ನಗುವನ್ನು ಹೊಗಳಿದ್ದು ಮಾರಾಯಾ, ನೀನು ಎಂತ ಮಾಡ್ತಾ ಇದ್ದೀ ಅಂತ ಕೇಳಿದರು." ಅಪ್ಪ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು. "ಚಪ್ಪರ ಹಾಕಿ ಆಗಿತ್ತು. ಒಂದು ಶಬ್ದದ ಅರ್ಥ ತಪ್ಪಿತು ಅಂತ ಹೇಳಿ ಚಪ್ಪರ ಇಳಿಸುವುದು ಹೇಗೆ? ಊರಿನವರ ಎದುರು ಹೇಗೆ ಹೇಳುವುದು?"

ಒಳಗೆ ಮಗಳು ಅಜ್ಜಿಯ ಯಾವುದೋ ಮಾತಿಗೆ ದೊಡ್ಡದಾಗಿ ನಕ್ಕಳು. ಅಪ್ಪನಿಗೂ ಕೇಳಿತು. ಆ ನಗು ಮುಗಿಯುವವರೆಗೆ ಇಬ್ಬರೂ ಒಳಬಾಗಿಲ ಕಡೆ ಕಿವಿಗೊಟ್ಟಿದ್ದೆವು. ನನ್ನ ಗಂಟಲಲ್ಲಿದ್ದದ್ದು ಎಲ್ಲಿಗೆ ಹೋಯಿತೋ ತಿಳಿಯದು.

"ಆ ದಿವಸ ನಿನಗೆ ಖರ್ಜೂರ ತಂದಿದ್ದೆ. ನೆನಪುಂಟಾ?" ಎಂದು ಅಪ್ಪ ನನ್ನ ಕಡೆ ತಿರುಗಿ ಕೇಳಿದರು.

"ಉಂಟು ಅಪ್ಪಾ" ಎಂದೆ. ಅವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. "ತುಂಬ ಸಿಹಿ ಇತ್ತು. ಒಂದನ್ನೂ ಯಾರಿಗೂ ಕೊಡಲಿಲ್ಲ."